ಮಗ್ಗ, ಮೌನ, ನೋಟುಬುಕ್ಕು

ಆಕ್ಯುಪೇಷನಲ್ ಥೆರಪಿ ಎಂಬ ಹೆಸರಿನೊಳಗಿನ ‘ಆಕ್ಯುಪೇಷನ್’ ಸಂಬಳದ ಉದ್ಯೋಗವಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುವುದು, ಅನ್ನ ಕಲಸುವುದು, ಜೇಬಿನಿಂದ ರೈಲು ಪಾಸು ತೆಗೆಯುವುದು, ಊರಿಗೆ ಕಾಗದ ಬರೆಯುವುದು, ಹೀಗೆ ಮನುಷ್ಯನ ಒಂದು ದಿನವನ್ನು ತುಂಬುವ ಕೆಲಸಗಳೆಲ್ಲ ಅದರಲ್ಲಿ ಸೇರುತ್ತವೆ. ಕಾಯಿಲೆಯೋ ಅಪಘಾತವೋ ಕಸಿದುಕೊಂಡ ಈ ಕೆಲಸಗಳನ್ನು ಕೆಲಸದ ಮೂಲಕವೇ ಮರಳಿ ಕಲಿಸುವುದು ಈ ವೃತ್ತಿಯ ತಿರುಳು. ‘ಔದ್ಯೋಗಿಕ ಚಿಕಿತ್ಸೆ’ ಎಂಬ ಕನ್ನಡ ಹೆಸರು ಕಾರ್ಖಾನೆಯನ್ನು ನೆನಪಿಸುತ್ತದೆ. ‘ಕೆಲಸದ ಚಿಕಿತ್ಸೆ’ ಎಂದಿದ್ದರೆ ಅರ್ಥಕ್ಕೆ ಹತ್ತಿರವಾಗುತ್ತಿತ್ತು. ಥೆರಪಿಸ್ಟರ ಬದುಕಿಗೆ ಸೃಜನಶೀಲ ಬರವಣಿಗೆ ಮತ್ತು ಮೈಂಡ್‌ಫುಲ್‌ನೆಸ್ ಇತ್ತೀಚೆಗೆ ಬಂದು ಸೇರಿದ ಸಂಗತಿಗಳಂತೆ ಕಾಣುತ್ತವೆ. ಆದರೆ ಎರಡರ ಬೇರೂ ಹಳೆಯದು.

1796ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ವಿಲಿಯಂ ಟ್ಯೂಕ್ ಮತ್ತು ಕ್ವೇಕರ್ ಪಂಥದವರು ‘ರಿಟ್ರೀಟ್’ ಎಂಬ ಮನೋರೋಗಿಗಳ ಆಶ್ರಯವನ್ನು ತೆರೆದರು. ಸಂಕೋಲೆಗಳ ಜಾಗದಲ್ಲಿ ಅಲ್ಲಿ ತೋಟದ ಕೆಲಸ, ಹೊಲಿಗೆ, ನಡಿಗೆ ಬಂದವು. ಮುಂದಿನ ಶತಮಾನದ ಕೆಲವು ಆಸ್ಪತ್ರೆಗಳು ಇನ್ನೊಂದು ಹೆಜ್ಜೆ ಮುಂದಿಟ್ಟವು. ಸ್ಕಾಟ್ಲೆಂಡಿನ ಡಮ್‌ಫ್ರೀಸ್‌ನಲ್ಲಿದ್ದ ಕ್ರೈಟನ್ ಆಸ್ಪತ್ರೆಯ ರೋಗಿಗಳು 1844ರಲ್ಲಿ ‘ನ್ಯೂ ಮೂನ್’ ಪತ್ರಿಕೆಯನ್ನು ಶುರುಮಾಡಿದರು. ಅಮೆರಿಕದ ಯೂಟಿಕಾದಲ್ಲಿ 1851ರಿಂದ ಸುಮಾರು ಹತ್ತು ವರ್ಷ ‘ಓಪಲ್’ ಪತ್ರಿಕೆ ನಡೆಯಿತು. ಕವಿತೆ, ಪ್ರಬಂಧಗಳನ್ನು ಬರೆದವರೂ ಸಂಪಾದಿಸಿದವರೂ ರೋಗಿಗಳೇ. ವೃತ್ತಿಗೆ ಹೆಸರಿಡುವ ಎಷ್ಟೋ ಮೊದಲೇ ಬರವಣಿಗೆ ಅದರ ಮನೆಯೊಳಗಿತ್ತು.

ಹೆಸರು ಬಂದದ್ದು 20ನೆಯ ಶತಮಾನದಲ್ಲಿ. 1917ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಜಾರ್ಜ್ ಬಾರ್ಟನ್, ವಿಲಿಯಂ ಡಂಟನ್, ಎಲಿನಾರ್ ಸ್ಲೇಗಲ್ ಮೊದಲಾದವರು ಸೇರಿ ಈ ವೃತ್ತಿಯ ಮೊದಲ ಸಂಘವನ್ನು ಕಟ್ಟಿದರು. 1922ರಲ್ಲಿ ಪ್ರಕಟವಾದ ಲೇಖನದಲ್ಲಿ ಮನೋವೈದ್ಯ ಅಡಾಲ್ಫ್ ಮೇಯರ್ ಇದಕ್ಕೊಂದು ತಾತ್ವಿಕ ನೆಲೆ ಒದಗಿಸಿದ. ಕೆಲಸ, ಆಟ, ವಿರಾಮ, ನಿದ್ದೆ ಇವುಗಳ ಲಯ ತಪ್ಪಿದಾಗ ಬದುಕು ಹಳಿ ತಪ್ಪುತ್ತದೆ, ಆ ಲಯವನ್ನು ಕೂಡಿಸಿಕೊಡುವುದೇ ಚಿಕಿತ್ಸೆ ಎಂಬುದು ಅವನ ವಾದದ ಸಾರ. ‘ಮೈಂಡ್‌ಫುಲ್‌ನೆಸ್’ ಎಂಬ ಮಾತು ಅಲ್ಲಿಲ್ಲ. ಆದರೂ ಕೈಯಲ್ಲಿರುವ ಕೆಲಸದಲ್ಲಿ, ಈ ಹೊತ್ತಿನಲ್ಲಿ ಮನಸ್ಸನ್ನು ನೆಲೆಗೊಳಿಸುವ ಯೋಚನೆ ಆಗಲೇ ಮೊಳೆತಿತ್ತು.

ಭಾರತಕ್ಕೆ ಈ ವಿದ್ಯೆಯನ್ನು ತಂದವರು ಕಮಲಾ ನಿಂಬ್ಕರ್. ಅವರ ಹುಟ್ಟುಹೆಸರು ಎಲಿಜಬೆತ್ ಲಂಡಿ. ಹುಟ್ಟಿದ್ದು 1900ರಲ್ಲಿ, ಅಮೆರಿಕದ ಕ್ವೇಕರ್ ಕುಟುಂಬದಲ್ಲಿ. ವಿಷ್ಣು ನಿಂಬ್ಕರ್ ಅವರನ್ನು ಮದುವೆಯಾಗಿ 1930ರಲ್ಲಿ ಇಲ್ಲಿಗೆ ಬಂದವರು ಈ ನಾಡಿನವರೇ ಆಗಿಬಿಟ್ಟರು. ನಡುವಯಸ್ಸು ದಾಟುವ ಹೊತ್ತಿಗೆ ಅಮೆರಿಕಕ್ಕೆ ಹೋಗಿ ಆಕ್ಯುಪೇಷನಲ್ ಥೆರಪಿ ಕಲಿತು ಬಂದು, 1950ರಲ್ಲಿ ಮುಂಬಯಿಯ ಪರೇಲಿನಲ್ಲಿರುವ ಕೆ.ಇ.ಎಂ. ಆಸ್ಪತ್ರೆಯಲ್ಲಿ ತರಬೇತಿ ಶಾಲೆ ತೆರೆದರು. ಏಷ್ಯಾದ ಮೊದಲ ಶಾಲೆ ಎಂದು ಅದನ್ನು ಗುರುತಿಸುತ್ತಾರೆ. 1952ರಲ್ಲಿ ಥೆರಪಿಸ್ಟರ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ಸ್ಥಾಪನೆಯಾದ ವಿಶ್ವ ಒಕ್ಕೂಟದ ಹತ್ತು ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಸ್ವತಂತ್ರವಾಗಿ ಐದೇ ವರ್ಷ ಕಳೆದಿದ್ದ ದೇಶಕ್ಕೆ ಇದು ಸಣ್ಣ ಗೌರವವಲ್ಲ. ಯಾರ್ಕಿನ ಕ್ವೇಕರರು ಹಚ್ಚಿದ ದೀಪವನ್ನು ಪರೇಲಿಗೆ ತಂದವರು ಇನ್ನೊಬ್ಬ ಕ್ವೇಕರ್ ಮನೆಯ ಮಗಳು ಎಂಬುದನ್ನು ಕಾಕತಾಳೀಯ ಎಂದು ತಳ್ಳಿಹಾಕುವುದು ಕಷ್ಟ.

ಕನ್ನಡ ನಾಡಿನಲ್ಲಿ ಈ ಕಥೆ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೊಂದಿಗೆ ಬೆಳೆಯಿತು. 1847ರಲ್ಲಿ ಆರಂಭವಾದ ಆ ಆಸ್ಪತ್ರೆ, 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ನೇಯ್ಗೆ, ಮರಗೆಲಸ, ಮುದ್ರಣ, ಬೇಕರಿ ಅಲ್ಲಿನ ಪುನರ್ವಸತಿ ವಿಭಾಗದ ಭಾಗಗಳಾದವು.

ಆರಂಭದ ದಶಕಗಳ ಥೆರಪಿ ವಿಭಾಗಗಳಲ್ಲಿ ಮಗ್ಗ ಒಂದು ಮುಖ್ಯ ಉಪಕರಣ. ಲಾಳಿ ಎಸೆಯುವ ತೋಳು, ಮೆಟ್ಟುವ ಕಾಲು, ಎಳೆ ಎಣಿಸುವ ಕಣ್ಣು ಮೂರನ್ನೂ ಅದು ಒಟ್ಟಿಗೆ ದುಡಿಸುತ್ತಿತ್ತು. ಈ ವಿಭಾಗಗಳಿಗೆ ಬರವಣಿಗೆ ಮೊದಲು ಬಂದದ್ದು ಕೈಯ ವ್ಯಾಯಾಮವಾಗಿ. ಪಾರ್ಶ್ವವಾಯುವಿನಿಂದ ಬಲಗೈ ಸೋತವರಿಗೆ ಎಡಗೈಯಲ್ಲಿ ಸಹಿ ಕಲಿಸುವುದು, ಹಿಡಿತ ಸಾಲದ ಬೆರಳಿಗೆ ಪೆನ್ನಿನ ಸುತ್ತ ಬಟ್ಟೆಯನ್ನೋ ಸ್ಪಂಜನ್ನೋ ಸುತ್ತಿ ದಪ್ಪ ಮಾಡಿಕೊಡುವುದು, ಅಕ್ಷರ ತೊಡಕಾಗುವ ಮಕ್ಕಳಿಂದ ತಿದ್ದಿಸುವುದು. ಇದು ಇಂದಿಗೂ ನಿತ್ಯದ ಕೆಲಸ. ಬ್ಯಾಂಕಿನಲ್ಲಿ ಸಹಿ ತಾಳೆಯಾಗದೆ ಹಿಂದಿರುಗಿದವರಿಗೆ ಅದರ ಬೆಲೆ ಗೊತ್ತು.

ಬರಹದ ವಸ್ತುವೂ ಚಿಕಿತ್ಸೆಗೆ ಸಂಬಂಧಿಸಿದ್ದು ಎಂಬ ತಿಳಿವಳಿಕೆಗೆ ಪ್ರಯೋಗದ ಬಲ ಬಂದದ್ದು 1986ರಲ್ಲಿ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್, ಕಾಲೇಜು ವಿದ್ಯಾರ್ಥಿಗಳಿಂದ ಬದುಕಿನ ಅತ್ಯಂತ ನೋವಿನ ಅನುಭವವನ್ನು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಸಿದರು. ಬರೆದ ಕೂಡಲೇ ಅವರ ಮನಸ್ಸು ಕುಗ್ಗಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿ ಹೋಗುವುದು ಕಡಿಮೆಯಾಯಿತು. 2006ರಲ್ಲಿ ಇಂಥ 146 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಪರಿಣಾಮ ನಿಜ, ಆದರೆ ಸಣ್ಣದು ಎಂದು ಕಂಡಿತು. ಬರೆದರೆ ಎಲ್ಲ ಗುಣವಾಗುತ್ತದೆ ಎಂಬ ಭರವಸೆ ಕೊಡುವವರನ್ನು ನಂಬಬಾರದು.

ಥೆರಪಿಸ್ಟರು ಕಟ್ಟುವ ಕಥೆಗಳ ಕಡೆಗೆ ವೃತ್ತಿಯ ಕಣ್ಣು ತಿರುಗಿಸಿದವರಲ್ಲಿ ಮಾನವಶಾಸ್ತ್ರಜ್ಞೆ ಶೆರಿಲ್ ಮ್ಯಾಟಿಂಗ್ಲಿ ಮುಖ್ಯರು. 1994 ಮತ್ತು 1998ರ ಪುಸ್ತಕಗಳಲ್ಲಿ ಅವರು ತೋರಿಸಿದ್ದು ಇದು: ಆಕ್ಯುಪೇಷನಲ್ ಥೆರಪಿಸ್ಟರು ರೋಗಿಯ ಬಗ್ಗೆ ಯೋಚಿಸುವುದೇ ಕಥೆಯ ರೂಪದಲ್ಲಿ. ಈ ಮನುಷ್ಯ ಎಲ್ಲಿಂದ ಬಂದ, ಕಾಯಿಲೆ ಅವನ ಕಥೆಯನ್ನು ಎಲ್ಲಿ ತುಂಡರಿಸಿತು, ಮುಂದಿನ ಅಧ್ಯಾಯ ಏನಾಗಬಹುದು ಎಂದು. ಆಸ್ಪತ್ರೆಯ ಕೇಸ್‌ಪೇಪರಿನಲ್ಲಿ ಇದಕ್ಕೆ ಜಾಗವಿಲ್ಲ. ಎಡಗೈಯಲ್ಲಿ ಗುಂಡಿ ಹಾಕಲು ಎಷ್ಟು ನಿಮಿಷ ಹಿಡಿಯಿತು ಎಂಬುದು ಅಲ್ಲಿ ದಾಖಲಾಗುತ್ತದೆ. ಕೊನೆಯ ಗುಂಡಿ ಬಿದ್ದಾಗ ಆ ಮುಖದಲ್ಲಿ ಏನಿತ್ತು ಎಂಬುದು ದಾಖಲಾಗುವುದಿಲ್ಲ. ಆ ಉಳಿದದ್ದಕ್ಕಾಗಿಯೇ ಥೆರಪಿಸ್ಟರಿಗೆ ಇನ್ನೊಂದು ನೋಟುಬುಕ್ಕು ಬೇಕಾಗುತ್ತದೆ.

ಮೈಂಡ್‌ಫುಲ್‌ನೆಸ್‌ಗೆ ಕನ್ನಡದಲ್ಲಿ ‘ಸಾವಧಾನ’ ಎಂಬ ಒಳ್ಳೆಯ ಪದವಿದೆ. ಅವಸರವಿಲ್ಲದಿರುವುದು, ಗಮನವಿರುವುದು ಎರಡೂ ಅರ್ಥಗಳು ಅದರಲ್ಲಿವೆ. ಮರಾಠಿ ಮದುವೆಯ ಮಂಗಳಾಷ್ಟಕದಲ್ಲಿ ಕೇಳಿಬರುವುದೂ ಇದೇ ಪದ. ಪಾಲಿಯ ‘ಸತಿ’ಯಿಂದ ಹೊರಟ ಈ ಅಭ್ಯಾಸ ಬರ್ಮಾದಲ್ಲಿ ಉಳಿದು, ಸಯಾಜಿ ಉ ಬಾ ಖಿನ್ ಅವರ ಶಿಷ್ಯ ಸತ್ಯನಾರಾಯಣ ಗೋಯಂಕಾ ಅವರ ಮೂಲಕ 1969ರಲ್ಲಿ ಮುಂಬಯಿಗೆ ಮರಳಿತು. ಕಲ್ಯಾಣದಿಂದ ಕಸಾರಾ ದಾಟಿ ಘಾಟಿ ಏರಿದರೆ ಸಿಗುವ ಇಗತ್‌ಪುರಿಯಲ್ಲಿ 1976ರಲ್ಲಿ ‘ಧಮ್ಮಗಿರಿ’ ಧ್ಯಾನಕೇಂದ್ರ ಆರಂಭವಾಯಿತು. ಮುಂದೆ ನವಿಮುಂಬಯಿಯ ಪಾರಸಿಕ್ ಗುಡ್ಡದ ಮೇಲೆ ‘ಧಮ್ಮವಿಪುಲ’ ಕೇಂದ್ರ ಬಂತು.  ಇತ್ತ ಆಸ್ಪತ್ರೆಯೊಳಗೆ ಸಾವಧಾನವನ್ನು ತಂದವರು ಜಾನ್ ಕಬಾಟ್-ಜಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವೈದ್ಯಕೀಯ ಶಾಲೆಯಲ್ಲಿ, ಔಷಧಕ್ಕೆ ಬಗ್ಗದ ನೋವಿನ ರೋಗಿಗಳಿಗಾಗಿ ಅವರು ತರಗತಿ ಆರಂಭಿಸಿದರು.

ಇಲ್ಲೊಂದು ತೊಡಕಿದೆ. ಗೋಯಂಕಾ ಕಲಿಸಿದ ವಿಪಶ್ಯನ ಧ್ಯಾನದ ಹತ್ತು ದಿನಗಳ ಶಿಬಿರದಲ್ಲಿ ಮಾತು ಮಾತ್ರವಲ್ಲ, ಓದು ಬರಹವೂ ನಿಷಿದ್ಧ. ಅನುಭವವನ್ನು ಒಡನೆಯೇ ಪದಕ್ಕಿಳಿಸುವ ಮನಸ್ಸು ಅನುಭವದಿಂದ ದೂರ ಸರಿಯುತ್ತದೆ ಎಂಬ ಎಚ್ಚರ ಅದರ ಹಿಂದಿದೆ ಎನ್ನಬಹುದು. ಹಾಗಾಗಿ ಸಾವಧಾನವನ್ನೂ ಬರವಣಿಗೆಯನ್ನೂ ಒಂದೇ ಉಸಿರಿನಲ್ಲಿ ಜೋಡಿಸುವುದು ಸರಿಯಲ್ಲ. ಥೆರಪಿಸ್ಟರ ದಿನದಲ್ಲಿ ಅವು ಒಂದರ ಹಿಂದೆ ಒಂದು ಬರುತ್ತವೆ. ರೋಗಿಯ ಕೈ ತಮ್ಮ ಕೈಯಲ್ಲಿರುವಾಗ ಬರೀ ಗಮನ. ಸಂಜೆ, ಅದರ ನೆನಪಿನೊಡನೆ ಬರಹ.

ಈ ಎರಡೂ ಎಷ್ಟು ಅಗತ್ಯ ಎಂಬುದು ನವಿಮುಂಬಯಿಯ ನೆರೂಳದಂಥ ಊರಿನಲ್ಲಿ ಚೆನ್ನಾಗಿ ಕಾಣುತ್ತದೆ. ಕೋಳಿ ಮತ್ತು ಆಗ್ರಿ ಜನರ ಹಳ್ಳಿಗಳಿದ್ದ ಈ ಖಾಡಿ (ಕ್ರೀಕ್) ದಂಡೆಯನ್ನು 1970ರಲ್ಲಿ ಸ್ಥಾಪನೆಯಾದ ಸರಕಾರಿ ನಿಗಮ ಸಿಡ್ಕೊ ನಗರವಾಗಿ ಯೋಜಿಸಿತು. 1993ರಲ್ಲಿ ಹಾರ್ಬರ್ ಲೈನಿನ ಲೋಕಲ್ ರೈಲು ಬಂತು. ಮರಾಠಿ, ಕನ್ನಡ, ತುಳು, ಮಲಯಾಳಂ, ತಮಿಳು ಮನೆಗಳು ಒಂದೇ ಸೊಸೈಟಿಯಲ್ಲಿ ನೆರೆಹೊರೆಯಾದವು. ಇಂಥಲ್ಲಿ ಪಾರ್ಶ್ವವಾಯುವಿನಿಂದ ಮಾತು ತೊದಲುವ ಹಿರಿಯರಿಗೆ ಬರೆಯಲು ಕೊಡುವ ಮುನ್ನ ಅವರು ಕಾಗದ ಬರೆಯುತ್ತಿದ್ದುದು ಯಾವ ಭಾಷೆಯಲ್ಲಿ, ಲೆಕ್ಕ ಬರೆಯುತ್ತಿದ್ದುದು ಯಾವ ಲಿಪಿಯಲ್ಲಿ ಎಂದು ಕೇಳಿಕೊಳ್ಳಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಗಲ್ಲಾಪೆಟ್ಟಿಗೆಯ ಮುಂದೆ ಹಿಂದಿ ಬಳಸಿದವರಿಗೆ ಇಂಗ್ಲಿಷ್ ಹಾಳೆ ಕೊಟ್ಟರೆ ಕೈ ಮಾತ್ರ ಕೆಲಸ ಮಾಡುತ್ತದೆ, ಮನಸ್ಸು ಬರುವುದಿಲ್ಲ.

ಬರೆಯುವವರು ಮರೆಯಬಾರದ ಗೆರೆಯೊಂದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23 ಮತ್ತು 24ನೆಯ ಕಲಮುಗಳು ಮನೋರೋಗಿಯ ಗುಟ್ಟನ್ನು ಕಾಯುತ್ತವೆ. ನೋಟುಬುಕ್ಕಿನಿಂದ ಕಥೆಯೊಂದು ಹೊರಬರುವುದಾದರೆ ಹೆಸರು, ಊರು, ಮನೆತನ ಬದಲಿಸಿದರಷ್ಟೇ ಸಾಲದು, ಸ್ವತಃ ಆ ರೋಗಿಯ ಒಪ್ಪಿಗೆಯೂ ಬೇಕು. ಆ ಒಪ್ಪಿಗೆಯೊಡನೆ, ಮುಂಬಯಿ ಮತ್ತು ನವಿಮುಂಬಯಿಯ ಕನ್ನಡ ಬಲ್ಲ ಥೆರಪಿಸ್ಟರು ತಾವು ಕಂಡದ್ದನ್ನು ಕನ್ನಡದಲ್ಲೇ ಬರೆಯಲಿ.