ಸಿಹಿ-ಖಾರದ ಸಾಸ್ (ಚೀನೀ ಶೈಲಿ)

ಸಿಹಿ-ಖಾರದ ಸಾಸ್ ಎಂಬುದು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಸಕ್ಕರೆ, ವಿನೆಗರ್ ಮತ್ತು ಸೋಯಾ ಸಾಸ್‌ಗಳನ್ನು ಎಣ್ಣೆಯಲ್ಲಿ ಬೇಯಿಸಿ ತಯಾರಿಸುವ ಒಂದು ಗಟ್ಟಿಯಾದ ವ್ಯಂಜನ. ಚೀನೀ ಶೈಲಿಯದೆಂದು ಕರೆಯಲಾಗುವ ಇದು ವಾಸ್ತವವಾಗಿ ಭಾರತದಲ್ಲಿ ರೂಪುಗೊಂಡ ಭಾರತೀಯ-ಚೀನೀ ಅಡುಗೆಗೆ ಸೇರಿದೆ. ಕರ್ನಾಟಕದಲ್ಲಿ ಇದು ಮುಖ್ಯವಾಗಿ ಗೋಬಿ ಮಂಚೂರಿ, ನೂಡಲ್ಸ್ ಮತ್ತು ಫ್ರೈಡ್ ರೈಸ್‌ಗಳ ಮೂಲಕ ಪರಿಚಿತವಾಗಿದೆ. ಯಾದಗಿರಿ ಜಿಲ್ಲೆಯ ಶಹಾಪುರ ಮತ್ತು ಸುರಪುರ ಭಾಗಗಳಲ್ಲಿ ಮೆಣಸಿನಕಾಯಿ ಒಂದು ವಾಣಿಜ್ಯ ಬೆಳೆಯಾಗಿರುವುದರಿಂದ, ಈ ಸಾಸ್‌ನ ಪ್ರಧಾನ ಪದಾರ್ಥ ಅಲ್ಲಿನ ಮನೆಗಳಿಗೆ ಹೊರಗಿನದಲ್ಲ. ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣದ ಬಳಕೆಯನ್ನು ಕರ್ನಾಟಕ ಸರ್ಕಾರ 2024ರಲ್ಲಿ ನಿಷೇಧಿಸಿದ ನಂತರ, ಮೆಣಸಿನಕಾಯಿಯಿಂದಲೇ ಕೆಂಪು ಬಣ್ಣ ಪಡೆಯುವ ಮನೆಯ ವಿಧಾನಕ್ಕೆ ವಿಶೇಷ ಮಹತ್ವ ಬಂದಿದೆ.

ಹಿನ್ನೆಲೆ

ಸಕ್ಕರೆ ಮತ್ತು ವಿನೆಗರ್ ಬೆರೆಸಿದ ಸಿಹಿ-ಹುಳಿ ಸಾಸ್‌ಗಳು ದಕ್ಷಿಣ ಚೀನದ ಕ್ಯಾಂಟನ್ ಪ್ರಾಂತದ ಅಡುಗೆಯಲ್ಲಿ ಬಳಕೆಯಲ್ಲಿವೆ. ಖಾರದ ಸಾಸ್‌ಗಳಿಗೆ ಸಿಚುವಾನ್ ಪ್ರಾಂತ ಹೆಸರಾಗಿದೆ. ಕೋಲ್ಕತ್ತದ ಟಿರೆಟ್ಟಾ ಬಜಾರ್ ಮತ್ತು ಟ್ಯಾಂಗ್ರಾಗಳಲ್ಲಿ ನೆಲೆಸಿದ ಚೀನೀ ಕುಟುಂಬಗಳು ಭಾರತದಲ್ಲಿ ಸಾಸ್ ತಯಾರಿಕೆಯನ್ನು ಆರಂಭಿಸಿದವು. ಮುಂಬಯಿಯ ಬಾಣಸಿಗ ನೆಲ್ಸನ್ ವಾಂಗ್ ಅವರು 1970ರ ದಶಕದಲ್ಲಿ ಮಂಚೂರಿಯನ್ ಖಾದ್ಯವನ್ನು ರೂಪಿಸಿದರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದರಲ್ಲಿ ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿಗಳ ಒಗ್ಗರಣೆಗೆ ಸೋಯಾ ಸಾಸ್ ಮತ್ತು ಕಾರ್ನ್ ಫ್ಲೋರ್ ಸೇರಿದವು. ಮಂಚೂರಿಯಾ ಪ್ರದೇಶದ ಅಡುಗೆಗೂ ಇದಕ್ಕೂ ಸಂಬಂಧವಿಲ್ಲ. ಹಾಗೆಯೇ ಭಾರತದಲ್ಲಿ ‘ಶೆಜ್ವಾನ್’ ಎಂದು ಮಾರಾಟವಾಗುವ ಸಾಸ್‌ಗಳಲ್ಲಿ ಸಿಚುವಾನ್ ಕಾಳು ಬಹುಮಟ್ಟಿಗೆ ಇರುವುದೇ ಇಲ್ಲ. ಅದೇ ಕುಲಕ್ಕೆ ಸೇರಿದ ಜುಮ್ಮನಕಾಯಿ ಕರ್ನಾಟಕದ ಕರಾವಳಿಯ ಅಡುಗೆಯಲ್ಲಿ ಬಳಕೆಯಲ್ಲಿರುವುದು ಈ ಸಂದರ್ಭದಲ್ಲಿ ಗಮನಾರ್ಹ.

ಉತ್ತರ ಕರ್ನಾಟಕದಲ್ಲಿ ಇದಕ್ಕೆ ಹತ್ತಿರವಾದ ವ್ಯಂಜನ ರಂಜಕ. ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಉಪ್ಪು, ಬೆಳ್ಳುಳ್ಳಿ, ಮೆಂತ್ಯ, ಹುಣಸೆ ಅಥವಾ ನಿಂಬೆ ರಸ ಮತ್ತು ಕೆಲವೆಡೆ ಬೆಲ್ಲದೊಂದಿಗೆ ರುಬ್ಬಿ ಇದನ್ನು ಮಾಡುತ್ತಾರೆ. ಖಾರ, ಹುಳಿ, ಸಿಹಿಗಳ ಹೊಂದಾಣಿಕೆ ಎರಡರಲ್ಲೂ ಒಂದೇ. ರಂಜಕವನ್ನು ಬೇಯಿಸುವುದಿಲ್ಲ, ಅದಕ್ಕೆ ಹಿಟ್ಟು ಹಾಕುವುದಿಲ್ಲ, ಜೋಳದ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುತ್ತಾರೆ ಎಂಬುದಷ್ಟೇ ವ್ಯತ್ಯಾಸ. ರಂಜಕ ಮಾಡಲು ಬರುವವರಿಗೆ ಈ ಸಾಸ್ ಹೊಸ ವಿದ್ಯೆಯೇನಲ್ಲ.

ಮೆಣಸಿನಕಾಯಿ

ಯಾದಗಿರಿ ಜಿಲ್ಲೆ 2009ರ ಡಿಸೆಂಬರ್ 30ರಂದು ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟಿತು. ಆಗ ಯಾದಗಿರಿ, ಶಹಾಪುರ ಮತ್ತು ಸುರಪುರ ಇದರ ಮೂರು ತಾಲ್ಲೂಕುಗಳಾಗಿದ್ದವು. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯಿಂದ ಕೃಷ್ಣಾ ನದಿಯ ನೀರು ದೊರೆಯುವ ಸುರಪುರ ಮತ್ತು ಶಹಾಪುರದ ಕಪ್ಪು ಮಣ್ಣಿನ ಹೊಲಗಳಲ್ಲಿ ಭತ್ತ ಮತ್ತು ಹತ್ತಿಯೊಂದಿಗೆ ಮೆಣಸಿನಕಾಯಿಯನ್ನೂ ಬೆಳೆಯಲಾಗುತ್ತದೆ.

ಸಾಸ್‌ಗೆ ಎರಡು ಬಗೆಯ ಒಣಮೆಣಸಿನಕಾಯಿ ಬೇಕಾಗುತ್ತದೆ. ಸುಕ್ಕುಗಟ್ಟಿದ ಸಿಪ್ಪೆಯ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಇದಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ನಯವಾದ ಸಿಪ್ಪೆಯ ಗುಂಟೂರು ಮೆಣಸಿನಕಾಯಿಯಲ್ಲಿ ಖಾರ ಹೆಚ್ಚು. ಗುಂಟೂರು ಒಂದನ್ನೇ ಹಾಕಿದರೆ ಬೇಕಾದಷ್ಟು ಕೆಂಪು ಬರುವ ಮೊದಲೇ ಖಾರ ಮಿತಿ ಮೀರುತ್ತದೆ. ಆದ್ದರಿಂದ ಬ್ಯಾಡಗಿ ನಾಲ್ಕು ಪಾಲು, ಗುಂಟೂರು ಒಂದು ಪಾಲು ಎಂಬ ಪ್ರಮಾಣ ಅನುಕೂಲಕರ.

ಮೆಣಸಿನಕಾಯಿಯ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂತಿನ್ ಎಂಬ ವರ್ಣದ್ರವ್ಯ. ಇದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ರುಬ್ಬಿದ ಮೆಣಸಿನಕಾಯಿಯನ್ನು ನೀರಿನಲ್ಲಿ ಎಷ್ಟು ಕುದಿಸಿದರೂ ಮಂಕಾಗಿ ಕಾಣುವುದು ಮತ್ತು ಎಣ್ಣೆಯಲ್ಲಿ ಹುರಿದ ಕೂಡಲೇ ಹೊಳೆಯುವುದು ಇದರಿಂದಲೇ. ಖಾರಪುಡಿಯ ಕಲಬೆರಕೆ ಗುರುತಿಸಲು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಸೂಚಿಸಿರುವ ಸರಳ ಪರೀಕ್ಷೆಗೂ ಇದು ಹೊಂದುತ್ತದೆ. ಒಂದು ಲೋಟ ನೀರಿನ ಮೇಲೆ ಪುಡಿಯನ್ನು ಉದುರಿಸಬೇಕು. ನೀರಿನಲ್ಲಿ ಕರಗುವ ಕೃತಕ ಬಣ್ಣವಿದ್ದರೆ ಅದು ಗೆರೆಗೆರೆಯಾಗಿ ಕೆಳಗಿಳಿಯುತ್ತದೆ.

ತಯಾರಿಸುವ ವಿಧಾನ

ಸುಮಾರು ಒಂದೂವರೆ ಬಟ್ಟಲು ಸಾಸ್‌ಗೆ 16 ಬ್ಯಾಡಗಿ ಮತ್ತು 4 ಗುಂಟೂರು ಮೆಣಸಿನಕಾಯಿ, 12 ಎಸಳು ಬೆಳ್ಳುಳ್ಳಿ, ಒಂದು ಅಂಗುಲ ಶುಂಠಿ, 4 ದೊಡ್ಡ ಚಮಚ ಎಣ್ಣೆ, 4 ದೊಡ್ಡ ಚಮಚ ಸಕ್ಕರೆ, 3 ದೊಡ್ಡ ಚಮಚ ವಿನೆಗರ್, ಒಂದು ದೊಡ್ಡ ಚಮಚ ಸೋಯಾ ಸಾಸ್, ಒಂದು ಸಣ್ಣ ಚಮಚ ಕಾರ್ನ್ ಫ್ಲೋರ್ ಮತ್ತು ರುಚಿಗೆ ಉಪ್ಪು ಸಾಕು. ಸೋಯಾ ಸಾಸ್‌ನಲ್ಲಿಯೇ ಸಾಕಷ್ಟು ಉಪ್ಪಿರುವುದರಿಂದ ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿ ಹಾಕುವುದು ಒಳ್ಳೆಯದು.

ಮೆಣಸಿನಕಾಯಿಯ ತೊಟ್ಟು ತೆಗೆದು, ಬೀಜಗಳನ್ನು ಉದುರಿಸಿ, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಬೇಕು. ಬೀಜಗಳಿಂದ ಬಣ್ಣ ಬರುವುದಿಲ್ಲ, ಸಾಸ್ ತರಿತರಿಯಾಗುತ್ತದೆ. ನೆನೆದ ಮೆಣಸಿನಕಾಯಿಯನ್ನು ಸ್ವಲ್ಪ ನೀರಿನೊಂದಿಗೆ ನುಣ್ಣಗೆ ರುಬ್ಬಬೇಕು. ಸಿಪ್ಪೆಯ ಚೂರುಗಳು ಉಳಿದರೆ ಜರಡಿಯಲ್ಲಿ ಸೋಸಿಕೊಳ್ಳಬಹುದು.

ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿ ಮತ್ತು ಶುಂಠಿಯನ್ನು ಹಸಿವಾಸನೆ ಹೋಗುವವರೆಗೆ ಹುರಿಯಬೇಕು. ಬೆಳ್ಳುಳ್ಳಿ ಕಂದು ಬಣ್ಣಕ್ಕೆ ತಿರುಗಿದರೆ ಸಾಸ್ ಕಹಿಯಾಗುತ್ತದೆ. ನಂತರ ರುಬ್ಬಿದ ಮಿಶ್ರಣವನ್ನು ಹಾಕಿ ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ, ಅಂಚಿನಲ್ಲಿ ಕೆಂಪು ಎಣ್ಣೆ ಬಿಡುವವರೆಗೆ ಕೈಯಾಡಿಸಬೇಕು. ಇಡೀ ವಿಧಾನದಲ್ಲಿ ಆತುರಪಡಬಾರದ ಹಂತ ಇದೊಂದೇ. ಎಣ್ಣೆ ಬಿಡುವ ಮೊದಲೇ ನೀರು ಸುರಿದರೆ ಬಣ್ಣ ಬರುವುದಿಲ್ಲ, ಹಸಿ ಮೆಣಸಿನಕಾಯಿಯ ವಾಸನೆಯೂ ಉಳಿಯುತ್ತದೆ. ಎಣ್ಣೆ ಬಿಟ್ಟ ಮೇಲೆ ಸಕ್ಕರೆ, ಸೋಯಾ ಸಾಸ್ ಮತ್ತು ಒಂದು ಬಟ್ಟಲು ನೀರು ಸೇರಿಸಿ ಕುದಿಸಬೇಕು. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ರುಚಿ ಗಾಢವಾಗುತ್ತದೆ, ಬಣ್ಣ ಮಾತ್ರ ಕಂದಿಗೆ ತಿರುಗುತ್ತದೆ.

ಕಾರ್ನ್ ಫ್ಲೋರನ್ನು ಮೂರು ಚಮಚ ತಣ್ಣೀರಿನಲ್ಲಿ ಕದಡಿ, ಕುದಿಯುತ್ತಿರುವ ಸಾಸ್‌ಗೆ ನಿಧಾನವಾಗಿ ಸುರಿದು, ಒಂದೆರಡು ನಿಮಿಷದಲ್ಲಿ ಗಟ್ಟಿಯಾಗಿ ಹೊಳಪು ಬಂದ ಕೂಡಲೇ ಉರಿ ಆರಿಸಬೇಕು. ವಿನೆಗರನ್ನು ಎಲ್ಲಕ್ಕಿಂತ ಕೊನೆಗೆ ಬೆರೆಸುವುದಕ್ಕೆ ಎರಡು ಕಾರಣಗಳಿವೆ: ಕುದಿಸಿದರೆ ಅದರ ಹುಳಿ ಆವಿಯಾಗುತ್ತದೆ, ಮತ್ತು ಹುಳಿಯೊಂದಿಗೆ ಹೆಚ್ಚು ಹೊತ್ತು ಕುದಿದ ಪಿಷ್ಟ ಒಡೆದು ಸಾಸ್ ಮತ್ತೆ ನೀರಾಗುತ್ತದೆ.

ಕನ್ನಡದ ಅಡುಗೆ ಬರಹಗಳಲ್ಲಿ ಕಾರ್ನ್ ಫ್ಲೋರನ್ನು ಕೆಲವೊಮ್ಮೆ ‘ಜೋಳದ ಹಿಟ್ಟು’ ಎಂದು ಬರೆಯಲಾಗುತ್ತದೆ. ಯಾದಗಿರಿ ಸೀಮೆಯಲ್ಲಿ ಜೋಳದ ಹಿಟ್ಟೆಂದರೆ ರೊಟ್ಟಿ ಬಡಿಯುವ ಬಿಳಿಜೋಳದ ಹಿಟ್ಟು. ಅದನ್ನು ಹಾಕಿದರೆ ಸಾಸ್ ಅಂಬಲಿಯಂತಾಗುತ್ತದೆ. ಇಲ್ಲಿ ಬೇಕಾದುದು ಗೋವಿನಜೋಳದಿಂದ, ಅಂದರೆ ಮೆಕ್ಕೆಜೋಳದಿಂದ, ಬೇರ್ಪಡಿಸಿದ ಶುದ್ಧ ಪಿಷ್ಟ.

ಕೃತಕ ಬಣ್ಣ ಮತ್ತು ನಿಷೇಧ

ತಳ್ಳುಗಾಡಿಗಳಲ್ಲಿ ಮಾರುವ ಗೋಬಿ ಮಂಚೂರಿಯ ಕಡುಗೆಂಪು ಬಣ್ಣ ಅನೇಕ ಕಡೆ ಮೆಣಸಿನಕಾಯಿಯದಾಗಿರಲಿಲ್ಲ. ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ಸಂಗ್ರಹಿಸಿದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದವು. ಅವುಗಳಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ ಮತ್ತು ಕಾರ್ಮೋಸಿನ್ ಬಣ್ಣಗಳಿದ್ದವು. ಈ ಮೂರೂ ಕೆಲವು ನಿರ್ದಿಷ್ಟ ಆಹಾರಗಳಲ್ಲಿ ಮಿತ ಪ್ರಮಾಣದಲ್ಲಿ ಅನುಮತಿ ಪಡೆದವು, ಆದರೆ ಗೋಬಿ ಮಂಚೂರಿ ಆ ಪಟ್ಟಿಯಲ್ಲಿಲ್ಲ. ಈ ಚರ್ಚೆಯಲ್ಲಿ ಹೆಚ್ಚು ಕೇಳಿಬಂದ ರೋಡಮಿನ್-ಬಿ ಬಟ್ಟೆ ಮತ್ತು ಕಾಗದಕ್ಕೆ ಬಳಸುವ ಬಣ್ಣ. ಅದಕ್ಕೆ ಯಾವ ಆಹಾರದಲ್ಲೂ ಅನುಮತಿಯಿಲ್ಲ, ಮತ್ತು ಅದು ಪತ್ತೆಯಾದದ್ದು ಕಾಟನ್ ಕ್ಯಾಂಡಿಯ ಮಾದರಿಗಳಲ್ಲಿ.

ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು 2024ರ ಮಾರ್ಚ್ 11ರಂದು ಈ ಎರಡೂ ತಿನಿಸುಗಳಲ್ಲಿ ಕೃತಕ ಬಣ್ಣದ ಬಳಕೆಯ ನಿಷೇಧವನ್ನು ಪ್ರಕಟಿಸಿದರು. ಉಲ್ಲಂಘನೆಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಏಳು ವರ್ಷದಿಂದ ಜೀವಾವಧಿವರೆಗಿನ ಸೆರೆವಾಸ ಹಾಗೂ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದೆಂದು ಎಚ್ಚರಿಸಲಾಯಿತು. ಅದೇ ವರ್ಷದ ಜೂನ್‌ನಲ್ಲಿ ನಿಷೇಧವನ್ನು ಕಬಾಬ್‌ಗಳಿಗೂ ವಿಸ್ತರಿಸಲಾಯಿತು. ನಿಷೇಧಿಸಿದ್ದು ಬಣ್ಣವನ್ನೇ ಹೊರತು ಗೋಬಿ ಮಂಚೂರಿಯನ್ನಲ್ಲ.

ಕಾಕತಾಳೀಯವೆಂಬಂತೆ, ಅದೇ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿಯ ದರ ಕುಸಿದು, ಆಕ್ರೋಶಗೊಂಡ ಬೆಳೆಗಾರರು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಆವರಣದಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ್ದರು. ತಿನಿಸಿಗೆ ಕೆಂಪು ಬಣ್ಣ ಕೊಡುವ ನೈಸರ್ಗಿಕ ಪದಾರ್ಥಕ್ಕೆ ಬೆಲೆಯಿಲ್ಲದಿದ್ದ ದಿನವೇ ಅದರ ಸ್ಥಾನದಲ್ಲಿ ಕುಳಿತಿದ್ದ ಕೃತಕ ಬಣ್ಣದ ನಿಷೇಧ ಹೊರಬಿತ್ತು.

ಸಂಗ್ರಹಣೆ

ಪೂರ್ತಿ ಆರಿದ ಸಾಸನ್ನು ತೊಳೆದು ಒಣಗಿಸಿದ ಗಾಜಿನ ಶೀಶೆಯಲ್ಲಿ ತುಂಬಿ ಫ್ರಿಜ್‌ನಲ್ಲಿ ಇಡಬೇಕು. ಮನೆಯಲ್ಲಿ ಸಂರಕ್ಷಕ ಹಾಕದೆ ಮಾಡಿದ ಸಾಸನ್ನು ಒಂದು ವಾರದೊಳಗೆ ಮುಗಿಸುವುದು ಕ್ಷೇಮ. ಬೇಸಿಗೆಯ ಬಿಸಿಲು ಕಡುವಾಗಿರುವ ಯಾದಗಿರಿಯಂತಹ ಊರುಗಳಲ್ಲಿ ಇದನ್ನು ಉಪ್ಪಿನಕಾಯಿಯಂತೆ ಹೊರಗಿಡಬಾರದು. ಉಪ್ಪಿನಕಾಯಿಯನ್ನು ಕಾಪಾಡುವಷ್ಟು ಉಪ್ಪು ಇದರಲ್ಲಿಲ್ಲ. ಹುಳಿ ಸಾಲದೆ, ಗಾಳಿಯಾಡದಂತೆ ಎಣ್ಣೆಯಲ್ಲಿ ಮುಳುಗಿ ಹೊರಗುಳಿದ ಬೆಳ್ಳುಳ್ಳಿಯಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯ ಬೆಳೆದು ಪ್ರಾಣಾಪಾಯಕಾರಿ ವಿಷ ಉತ್ಪಾದಿಸಬಲ್ಲದು. ಅದರ ಇರುವಿಕೆ ವಾಸನೆಯಿಂದಾಗಲಿ ರುಚಿಯಿಂದಾಗಲಿ ತಿಳಿಯದೇ ಇರಬಹುದು. ಆದ್ದರಿಂದ ವಿನೆಗರ್‌ನ ಪ್ರಮಾಣವನ್ನು ಕಡಿತಗೊಳಿಸುವುದು ಸರಿಯಲ್ಲ. ಫ್ರಿಜ್‌ನಲ್ಲಿ ಮೇಲೆ ಹೆಪ್ಪುಗಟ್ಟಿದ ಕೆಂಪು ಎಣ್ಣೆಯ ಪದರ ಕೆಟ್ಟಿರುವ ಲಕ್ಷಣವಲ್ಲ. ಬಿಸಿ ಮಾಡಿ ಕಲಕಿದರೆ ಅದು ಮತ್ತೆ ಬೆರೆಯುತ್ತದೆ.