ಜಯಪತ್ರವಿಲ್ಲದ ಮಾತು

ಉಪಾಧ್ಯಾಯನಾಗಿದ್ದಾಗ ಅನೇಕ ಚರ್ಚಾಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಕುಳಿತಿದ್ದೇನೆ. ಪರವಾಗಿ ಮಾತನಾಡಿದ ಬಾಲಕನೇ ಮರುವರ್ಷ ಅದೇ ವಿಷಯವನ್ನು ಅಷ್ಟೇ ಆವೇಶದಿಂದ ವಿರೋಧಿಸುತ್ತಿದ್ದ. ಎರಡು ಸಲವೂ ಬಹುಮಾನ ಕೊಟ್ಟೆವು. ಇದಕ್ಕೆ ಚರ್ಚೆಯೆಂಬ ಹೆಸರು ಸಲ್ಲುವುದೇ ಎಂಬ ಸಂದೇಹ ನನಗೆ ಬಂದದ್ದು ನಿವೃತ್ತನಾದ ಮೇಲೆ.

ಗೌತಮನ ನ್ಯಾಯಸೂತ್ರಗಳಲ್ಲಿ ಈ ಭೇದವು ಸ್ಪಷ್ಟವಾಗಿದೆ. ಗುರು, ಶಿಷ್ಯ, ಸಹಾಧ್ಯಾಯಿಗಳು ಅಸೂಯೆಯಿಲ್ಲದೆ ಪ್ರಮಾಣ ತರ್ಕಗಳಿಂದ ತತ್ತ್ವವನ್ನು ಅರಸುವುದು ವಾದ. ಎದುರಾಳಿಯ ಮಾತಿನ ಅರ್ಥವನ್ನು ತಿರುಚಿಯಾದರೂ ಗೆಲ್ಲಹೊರಡುವುದು ಜಲ್ಪ. ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಮುರಿಯುವುದಷ್ಟೇ ವಿತಂಡ. ಆದರೂ ಸೂತ್ರಕಾರನು ಕಡೆಯ ಎರಡನ್ನು ಬಹಿಷ್ಕರಿಸಿಲ್ಲ. ಮೊಳಕೆಗೆ ಮುಳ್ಳಿನ ಬೇಲಿಯಂತೆ ತತ್ತ್ವರಕ್ಷಣೆಗೆ ಅವು ಬೇಕೆನ್ನುತ್ತಾನೆ. ಬೇಲಿಯನ್ನೇ ಬೆಳೆಯೆಂದು ಭ್ರಮಿಸುವವರು ನಮ್ಮಲ್ಲಿ ಕಡಮೆಯಿಲ್ಲ!

ಈಗಿನ ಹಾವೇರಿ ಜಿಲ್ಲೆಗೆ ಸೇರಿದ ಅಬ್ಬಲೂರಿನಲ್ಲಿ ಸುಮಾರು ಕ್ರಿ.ಶ. 1200ರ ಶಾಸನವೊಂದಿದೆ. ಏಕಾಂತದ ರಾಮಯ್ಯನು ಜೈನರೊಡನೆ ಪಣ ತೊಟ್ಟು, ಶಿರಸ್ಸನ್ನು ಅರಿದು ಶಿವನಿಗರ್ಪಿಸಿ ಮರಳಿ ಪಡೆದನೆಂದೂ, ಜೈನರು ಒಪ್ಪಿದಂತೆ ನಡೆಯದಿರಲು ಜಿನಬಿಂಬವನ್ನು ಭಂಗಿಸಿದನೆಂದೂ, ಬಿಜ್ಜಳನು ಅವನಿಗೆ ಜಯಪತ್ರವನ್ನಿತ್ತನೆಂದೂ ಅದು ಹೇಳುತ್ತದೆ. ರಾಮಯ್ಯನ ನಿಷ್ಠೆಗೆ ನಾನೂ ತಲೆಬಾಗುತ್ತೇನೆ. ಆದರೆ ಈ ಪ್ರಸಂಗವನ್ನು ನಮ್ಮವರ ವಾದಕೌಶಲಕ್ಕೆ ನಿದರ್ಶನವಾಗಿ ಉದಾಹರಿಸುವುದು ಸಾಧುವಲ್ಲ. ಅಲ್ಲಿ ನಿರ್ಣಾಯಕವಾದುದು ಪಣ, ಯುಕ್ತಿಯಲ್ಲ. ಪ್ರತಿವಾದಿಗಳ ಮನಸ್ಸು ಪರಿವರ್ತನೆಯಾಯಿತೆಂದು ಶಾಸನವೂ ಹೇಳುವುದಿಲ್ಲ. ಅವರು ದೂರು ಹೊತ್ತು ಅರಸನ ಬಳಿಗೆ ಹೋದರು.

ಇದರೊಡನೆ ಶೂನ್ಯಸಂಪಾದನೆಯ ಸಿದ್ಧರಾಮ ಪ್ರಸಂಗವನ್ನಿಟ್ಟು ನೋಡಬೇಕು. ಸೊನ್ನಲಿಗೆಗೆ ಬಂದ ಅಲ್ಲಮಪ್ರಭುವಿನ ಮೊದಲ ನುಡಿಯೇ ನಿಂದೆ. ಕೆರೆಯ ಕೆಲಸದವರು ಕಲ್ಲೆಸೆಯುತ್ತಾರೆ, ಸಿದ್ಧರಾಮನು ಕೆರಳಿ ಬರುತ್ತಾನೆ. ಇಲ್ಲಿಯವರೆಗೂ ಜಲ್ಪದ ಲಕ್ಷಣಗಳೇ. ಆಮೇಲೆ ಮಾತು ದಿಕ್ಕು ಬದಲಿಸುತ್ತದೆ. ಸಿದ್ಧರಾಮನು ತನ್ನ ಪಕ್ಷವನ್ನು ಸಮರ್ಥಿಸುತ್ತಲೇ ಅದನ್ನು ತಾನೇ ಶೋಧಿಸಿಕೊಳ್ಳತೊಡಗುತ್ತಾನೆ. ಸೋತವನಾಗಿ ಅಲ್ಲ, ಜೊತೆಗಾರನಾಗಿ ಪ್ರಭುವಿನೊಡನೆ ಕಲ್ಯಾಣಕ್ಕೆ ಹೊರಡುತ್ತಾನೆ. ಅಕ್ಕಮಹಾದೇವಿಯನ್ನು ಪ್ರಭು ಕೇಳುವ ಪ್ರಶ್ನೆಗಳು ಇನ್ನೂ ಕಠಿನ. ಆಕೆಯ ಉತ್ತರಕ್ಕೆ ಪ್ರಶ್ನಿಸಿದವನೇ ಮಣಿಯುತ್ತಾನೆ.

ಸಾಹಿತ್ಯದ ವಿದ್ಯಾರ್ಥಿಗಳು ಒಂದನ್ನು ಮರೆಯಬಾರದು. ಇವು ಹನ್ನೆರಡನೆಯ ಶತಮಾನದಲ್ಲಿ ಕೇಳಿದಂತೆ ಬರೆದಿಟ್ಟ ಸಂಭಾಷಣೆಗಳಲ್ಲ. ಬಿಡಿಬಿಡಿಯಾಗಿದ್ದ ವಚನಗಳನ್ನು ಪ್ರಶ್ನೋತ್ತರವಾಗಿ ಜೋಡಿಸಿದವನು ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯ. ಶರಣರ ಮತವನ್ನು ಆತನು ಸಿದ್ಧಾಂತಗ್ರಂಥವಾಗಿ ನಿರೂಪಿಸಬಹುದಾಗಿತ್ತು, ಸಂವಾದವನ್ನೇ ಆರಿಸಿಕೊಂಡನು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾಚಾರ್ಯರು ಕೃತಿಯನ್ನು ಪರಿಷ್ಕರಿಸಿದರು. ಪ್ರಸಂಗಗಳು ಬೆಳೆದವು, ಕ್ರಮ ವ್ಯತ್ಯಾಸವಾಯಿತು. ಸಂವಾದದ ರೂಪವನ್ನು ಮಾತ್ರ ಮೂವರಲ್ಲಿ ಯಾರೂ ಕೈಬಿಡಲಿಲ್ಲ.