ಎಂಟುನೂರು ಪುಟದ ಪಟ್ಟಿ

ನಮ್ಮ ಟೀಮಲ್ಲಿ ದಿನಾ ಹತ್ತೂವರೆಗೆ ಸ್ಟ್ಯಾಂಡಪ್. ಹೆಸರಿಗೆ ಹದಿನೈದು ನಿಮಿಷ, ಮುಗಿಯೋ ಹೊತ್ತಿಗೆ ಕಾಲು ನೋಯ್ತಿರುತ್ತೆ. ‘ಇಷ್ಟು ದೊಡ್ಡ ಪ್ರಾಡಕ್ಟಿಗೆ ಅಜೈಲ್ ಎಲ್ಲ ಆಗಲ್ಲ ಬಿಡ್ರಿ’ ಅಂತ ಯಾರಾದರೂ ಗೊಣಗಿದಾಗಲೆಲ್ಲ ನನಗೆ ಅಮೆರಿಕದ ಎಫ್‌ಬಿಐ ಕಥೆ ನೆನಪಾಗುತ್ತೆ.

2001ರ ಸೆಪ್ಟೆಂಬರ್ ದಾಳಿಯ ಹೊತ್ತಿಗೂ ಅವರ ತನಿಖೆಯ ವಿವರಗಳು ಹೆಚ್ಚಾಗಿ ಕಾಗದದ ಕಡತಗಳಲ್ಲೇ ಇದ್ದವು. ಕಂಪ್ಯೂಟರೇನೋ ಇತ್ತು, ಹಸಿರು ಅಕ್ಷರದ ಹಳೇ ಕಾಲದ್ದು. ಅದನ್ನು ಬದಲಿಸಲು ಹೊರಟ ಯೋಜನೆಯ ಹೆಸರು ವರ್ಚುವಲ್ ಕೇಸ್ ಫೈಲ್. ಏನೇನು ಬೇಕು ಅನ್ನುವ ಪಟ್ಟಿಯೇ 800 ಪುಟ ದಾಟಿತ್ತು! ನಮ್ಮೂರಲ್ಲಿ ಮದುವೆ ಸಾಮಾನಿನ ಪಟ್ಟಿ ಬರೆಯುವಾಗಲೂ ಹೀಗೇ. ಬಂದವರೆಲ್ಲ ಒಂದೊಂದು ಸೇರಿಸ್ತಾರೆ, ಹೊಡೆದುಹಾಕುವವರು ಯಾರೂ ಇಲ್ಲ. ಸುಮಾರು 17 ಕೋಟಿ ಡಾಲರ್ ಕರಗಿದ ಮೇಲೆ 2005ರಲ್ಲಿ ಅದನ್ನು ಕೈಬಿಟ್ಟರು.

ಮರುವರ್ಷ ‘ಸೆಂಟಿನಲ್’ ಅಂತ ಮತ್ತೆ ಶುರು. ಗುತ್ತಿಗೆ ಲಾಕ್‌ಹೀಡ್ ಮಾರ್ಟಿನ್‌ಗೆ, ನಾಲ್ಕು ಹಂತ, 45.1 ಕೋಟಿ ಡಾಲರ್ ಬಜೆಟ್. ಬಿಇಯಲ್ಲಿ ನಾವು ವಾಟರ್‌ಫಾಲ್ ಚಿತ್ರ ಬರೆದು ಹತ್ತು ಮಾರ್ಕ್ಸ್ ತಗೊಂಡಿದ್ವಲ್ಲ, ಅದೇ ಧಾಟಿ. 2010ರ ಆಗಸ್ಟಿಗೆ 40.5 ಕೋಟಿ ಖಾಲಿ, ಕೈಗೆ ಬಂದಿದ್ದು ಎರಡೇ ಹಂತ.

ಆಗ ಎಫ್‌ಬಿಐ ಕೆಲಸವನ್ನು ತನ್ನ ಕೈಗೇ ತಗೊಂಡಿತು. ನಾನಾಗಿದ್ದರೆ ಇನ್ನೂ ನೂರು ಜನರನ್ನು ಕೇಳ್ತಿದ್ದೆ. ಅವರು ಮಾಡಿದ್ದು ಉಲ್ಟಾ: ಗುತ್ತಿಗೆಯ ಜನರನ್ನು ಸುಮಾರು 220ರಿಂದ 40ಕ್ಕೆ, ತಮ್ಮವರನ್ನು 30ರಿಂದ 12ಕ್ಕೆ ಇಳಿಸುವ ತೀರ್ಮಾನ. ಉಳಿದ ಕೆಲಸವನ್ನು 670 ಸ್ಟೋರಿಗಳಾಗಿ ಒಡೆದು ಎರಡೆರಡು ವಾರದ ಸ್ಪ್ರಿಂಟ್ ಹಾಕಿಕೊಂಡರು. ಪ್ರತಿ ಸ್ಪ್ರಿಂಟ್ ಕೊನೆಗೂ ಕಟ್ಟಿದ್ದನ್ನು ಓಡಿಸಿ ತೋರಿಸಬೇಕು. (ನಮ್ಮ ಕಳೆದ ಡೆಮೋದಲ್ಲಿ ತೋರಿಸಿದ್ದು ಒಂಬತ್ತು ಸ್ಲೈಡು.)

ಹಾಗಂತ ಹೇಳಿದ ದಿನಕ್ಕೇ ಮುಗೀತು ಅಂದ್ಕೋಬೇಡಿ. 2011ರ ಸೆಪ್ಟೆಂಬರಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅಕ್ಟೋಬರಿನಲ್ಲಿ 743 ಜನರನ್ನು ಕೂರಿಸಿ ಪರೀಕ್ಷೆ ಮಾಡಿದರೆ ಸಿಸ್ಟಮ್ ಎರಡು ಸಲ ಮಲಗಿಬಿಡ್ತು. ಕೋಡನ್ನು ಬೈದು ಪ್ರಯೋಜನವಿರಲಿಲ್ಲ, ಅಷ್ಟು ಜನರ ಭಾರ ಹಳೆಯ ಹಾರ್ಡ್‌ವೇರಿಗೆ ತಡೆಯುವಂತಿರಲಿಲ್ಲ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಚೆಂದದ ಜಾಗ ಇದೇ: ಬಿದ್ದಿದ್ದು ರಿಲೀಸಿಗೆ ಮೊದಲು, ಎಲ್ಲರ ಕಣ್ಣೆದುರು, ರಿಪೇರಿಗೆ ಟೈಮ್ ಇದ್ದಾಗ. ಹಾರ್ಡ್‌ವೇರ್ ಹೆಚ್ಚಿಸಿದರು. 2012ರ ಜುಲೈ 1ಕ್ಕೆ ಸೆಂಟಿನಲ್ ಎಲ್ಲ ಏಜೆಂಟರ ಕೈಗೆ ಬಂತು.